ಪುಟ್ಟ ವಿಮಾನದಲ್ಲಿ ಅಲಾಸ್ಕಾದ ಕಾಡಿಗೆ: ಗೈಡ್ ಜೊತೆಗಾ, ಅಣ್ಣನ ಜೊತೆಗಾ, ಕ್ಯಾಮೆರಾ ಜೊತೆಗಾ?

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿಗೆ ಬರುವ ರದ್ದಿಯವನ ಹತ್ತಿರ ಒಂದು ಕೊಕ್ಕೆ ತಕ್ಕಡಿ ಇದೆ. ಹಳೇ ಪೇಪರಿನ ಕಟ್ಟು ತೂಗುವ ಆ ಕೊಕ್ಕೆಗೆ ಒಂದು ಆಗಸ್ಟ್ ಭಾನುವಾರ ನನ್ನ ಬ್ಯಾಗು ನೇತುಹಾಕಿಸಿದೆ. ಮೂವತ್ತೊಂದು ಕೆಜಿ. "ಇದನ್ನೂ ಮಾರುವುದಾ ಸಾಹೇಬ್ರೇ?" ಎಂದ ಅವನು. ನನಗೆ ಬೇಕಿದ್ದದ್ದು ಇಪ್ಪತ್ತೆರಡೂವರೆ. ಬ್ಯಾಗು ಒಳಗೆ ತಂದು, ಹಾಲ್‌ನ ನೆಲದ ಮೇಲೆ ಎಲ್ಲ ಸುರಿದು, ಎಂಟೂವರೆ ಕೆಜಿ ಯಾವುದು ಬಿಡಲಿ ಎಂದು ಕೂತೆ. ಹೆಂಡತಿ ಗಣಪತಿಯ ಮಂಟಪಕ್ಕೆ ಜಾಗ ಮಾಡುತ್ತಿದ್ದವಳು ನನ್ನ ಸಾಮಾನಿನ ರಾಶಿ ನೋಡಿ ಮಾತೇ ಆಡಲಿಲ್ಲ. ಹಬ್ಬಕ್ಕೆ ಮನೆಯಲ್ಲಿರದೆ ಕಾಡಿಗೆ ಹೋಗುವವನ ಜೊತೆ ಏನು ಮಾತು?

ಹೋಗಿದ್ದು ಅಲಾಸ್ಕಾಕ್ಕೆ. ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ, ಸಿಯಾಟಲ್‌ನಲ್ಲಿದ್ದಾನೆ. ಅಮೆರಿಕದ ಪೌರನಾಗಿ ವರ್ಷಗಳೇ ಆದವು. ಅವನು ತನ್ನ ಗೆಳೆಯನ ಜೊತೆ ಮೂಸ್ ಬೇಟೆಗೆ ಹೊರಟಿದ್ದ. "ನೀನೂ ಬಾ ಮಾರಾಯ, ಹೊರಲಿಕ್ಕೆ ಒಂದು ಜನ ಬೇಕು" ಎಂದ. ಮೂಸ್ ಅಂದರೆ ಜಿಂಕೆ ಕುಲದಲ್ಲೇ ದೊಡ್ಡದು. ಬೆಳೆದ ಗಂಡು ನಮ್ಮ ಕಡವೆಯ ಎರಡರಷ್ಟು ತೂಗುತ್ತದೆ. ರಸ್ತೆ ಇಲ್ಲದ ಜಾಗ. ಪುಟ್ಟ ವಿಮಾನ ನಿಮ್ಮನ್ನು ಒಂದು ಸರೋವರದಲ್ಲಿ ಇಳಿಸಿ ಹೋಗುತ್ತದೆ, ಹತ್ತು ದಿನ ಬಿಟ್ಟು ಬರುತ್ತದೆ. ಬಂದರೆ ಬಂತು.

ಅಲ್ಲಿಂದ ಬಂದ ಮೇಲೆ ಇಬ್ಬರು ತಾವೂ ಹೋಗಬೇಕೆಂದು ನನ್ನ ಬೆನ್ನು ಬಿದ್ದಿದ್ದಾರೆ. ಒಬ್ಬ ಪುಣೆಯ ಸಹೋದ್ಯೋಗಿ, ಕೊಡಗಿನವನು. ಇನ್ನೊಬ್ಬರು ಗೋವಾದ ಪೋಂಡಾದಲ್ಲಿರುವ ನಮ್ಮ ಭಾವ. ಭಾವನಿಗೆ ಕೋವಿ ಮುಟ್ಟುವುದೂ ಬೇಡ, ಕರಡಿಯ ಫೋಟೋ ಬೇಕು. ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡುತ್ತಾ ಬಂದೆ. ಅದನ್ನೇ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲು ನಮ್ಮ ಪಾಸ್‌ಪೋರ್ಟ್ ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಬೇಟೆಯ ಕತೆ ಮುಗಿದು ಕಾಲವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಗಿಲು ಹಾಕಿತು, 1991ರ ತಿದ್ದುಪಡಿ ಉಳಿದ ಸಂದುಗಳನ್ನೂ ಮುಚ್ಚಿತು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೋವಿ ಇತ್ತು. ನಾನು ಕಂಡ ಹಾಗೆ ಅದು ಮಾಡಿದ ದೊಡ್ಡ ಪ್ರಯಾಣ ಎಂದರೆ ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ, ಮುಗಿದ ಮೇಲೆ ವಾಪಸ್ ಬಂದಿದ್ದು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ನಿಜ. ಆದರೆ ಕಾಡುಪ್ರಾಣಿಗೆ ಗುರಿ ಇಡುವ ಹಕ್ಕು ಅವರಿಗೂ ಇಲ್ಲ.

ಹಾಗಾಗಿ ಬೇಟೆ ಎಂದರೆ ಹೊರದೇಶವೇ. ಅಲಾಸ್ಕಾದ ನಿಯಮ ಇಲ್ಲಿ ಬಹಳ ಸ್ಪಷ್ಟ. ಅಮೆರಿಕದ ಬೇರೆ ರಾಜ್ಯದವರು ಮೂಸ್, ಕ್ಯಾರಿಬೂ (ಹಿಮನಾಡಿನ ಜಿಂಕೆ) ಬೇಟೆಗೆ ಗೈಡ್ ಇಲ್ಲದೆ ಹೋಗಬಹುದು. ಕಂದು ಕರಡಿ, ಡಾಲ್ ಎಂಬ ಬಿಳಿ ಕಾಡುಕುರಿ, ಬೆಟ್ಟದ ಮೇಕೆಗೆ ಮಾತ್ರ ಅವರಿಗೂ ಗೈಡ್ ಬೇಕು, ಇಲ್ಲವೇ ಅಲಾಸ್ಕಾದಲ್ಲೇ ನೆಲೆಸಿರುವ ಹತ್ತಿರದ ಸಂಬಂಧಿ ಜೊತೆಗಿರಬೇಕು. ವಿದೇಶಿ ಪೌರರಿಗೆ ಈ ರಿಯಾಯಿತಿ ಯಾವುದೂ ಇಲ್ಲ. ಯಾವ ದೊಡ್ಡ ಪ್ರಾಣಿಯೇ ಆಗಲಿ, ಲೈಸೆನ್ಸ್ ಇರುವ ಗೈಡ್ ಪಕ್ಕದಲ್ಲೇ ಇರಬೇಕು. ಅಣ್ಣ ಅಲ್ಲೇ ಇದ್ದಾನೆ, ಅವನ ರೈಫಲ್ ತೆಗೆದುಕೊಂಡು ನಾನೂ ಒಂದು ಹೊಡೀತೀನಿ ಎಂದರೆ ಆಗುವುದಿಲ್ಲ.

ಅಂದರೆ ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಮೂರೇ ದಾರಿ. ಗೈಡ್ ಇಟ್ಟುಕೊಂಡು ನೀವೇ ಬೇಟೆಗಾರರಾಗುವುದು. ಅಮೆರಿಕದ ನೆಂಟರ ಬೇಟೆಗೆ ಕೈಜೋಡಿಸಲು ಹೋಗುವುದು, ಟ್ರಿಗರ್ ಮುಟ್ಟದೆ. ಇಲ್ಲವೇ ಕ್ಯಾಮೆರಾ ಹಿಡಿದು ಕರಡಿಯ ನಾಡಿಗೆ ಹಾರುವುದು. ನಾನು ಹೋಗಿದ್ದು ಎರಡನೆಯದು. ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೈಡ್ ಜೊತೆ

ದುಡ್ಡಿನ ಮಾತು ಮೊದಲೇ ಆಗಿಬಿಡಲಿ. ಗೈಡ್ ಜೊತೆಗಿನ ಮೂಸ್ ಬೇಟೆ 20,000 ಡಾಲರ್ ದಾಟುವುದು ಸಾಮಾನ್ಯ. ಅದರ ಮೇಲೆ ವಿದೇಶಿಯರ ಲೈಸೆನ್ಸ್ 630 ಡಾಲರ್. ಅಣ್ಣನಂಥವರಿಗೆ ಅದೇ ಲೈಸೆನ್ಸ್ 160. ಹೊಡೆದ ಪ್ರಾಣಿಗೆ ಕಟ್ಟುವ ಟ್ಯಾಗಿನ ದುಡ್ಡು ಬೇರೆ, ವಿಮಾನ ಬೇರೆ, ಬಕ್ಷೀಸು ಬೇರೆ. ಪುಣೆಯ ಗೆಳೆಯ ಲೆಕ್ಕ ಹಾಕಿ, "ಇಷ್ಟು ದುಡ್ಡಿಗೆ ಊರಲ್ಲಿ ಕಾಫಿ ತೋಟಕ್ಕೆ ಬೇಲಿ ಹಾಕಿಸಬಹುದು" ಎಂದ. ಹಾಕಿಸಬಹುದು. ಆದರೂ ಅವನಿಗೆ ಆಸೆ ಹೋಗಿಲ್ಲ.

ಅವನಿಗೆ ನಾನು ಹೇಳಿದ್ದು ಎರಡು ಮಾತು. ಒಂದು, ಇಲ್ಲಿಂದ ಕೋವಿ ಒಯ್ಯುವ ಯೋಚನೆ ಬಿಡು. ವಿದೇಶಿಯರು ಅಮೆರಿಕದೊಳಗೆ ಬಂದೂಕು ತರಬೇಕಾದರೆ ಅಲ್ಲಿನ ಸರ್ಕಾರದ ಮುಂಗಡ ಪರವಾನಗಿ ಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕು. ನಡುವೆ ಎಷ್ಟು ವಿಮಾನ ಬದಲಾಯಿಸುತ್ತೀಯೋ ಅಷ್ಟು ಕಡೆ ಬೇರೆ ಬೇರೆ ಕಾನೂನು. ಗೈಡ್ ಹತ್ತಿರ ರೈಫಲ್ ಇರುತ್ತದೆ. ಬೇಟೆಯ ಲೈಸೆನ್ಸ್ ಕೈಯಲ್ಲಿದ್ದರೆ ಅದನ್ನು ಬಳಸಬಹುದು. ಅಭ್ಯಾಸಕ್ಕೆ ಪುಣೆಯ ಬಾಳೇವಾಡಿಯಲ್ಲಿ ಶೂಟಿಂಗ್ ರೇಂಜ್ ಇದೆ. ಏರ್ ರೈಫಲ್‌ಗೂ ಮೂಸ್ ಹೊಡೆಯುವ ರೈಫಲ್‌ಗೂ ಅಜಗಜಾಂತರ, ಆದರೆ ಉಸಿರು ಹಿಡಿಯುವುದು, ಬೆರಳು ನಿಧಾನಕ್ಕೆ ಒತ್ತುವುದು ಎರಡಕ್ಕೂ ಒಂದೇ.

ಇನ್ನೊಂದು, ಗೈಡ್‌ಗೆ ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳು: ಹವಾಮಾನ ಕೆಟ್ಟು ವಿಮಾನ ಮೂರು ದಿನ ಬಾರದಿದ್ದರೆ ಆ ಖರ್ಚು ಯಾರದ್ದು? ಉತ್ತರ ಕಾಗದದಲ್ಲಿ ಇರಬೇಕು. "ಗ್ಯಾರಂಟಿ ಪ್ರಾಣಿ ಸಿಗುತ್ತದೆ" ಎನ್ನುವವನನ್ನು ನಾನಾದರೆ ಅಲ್ಲೇ ಬಿಡುತ್ತೇನೆ. ಕಾಡಿನಲ್ಲಿ ಗ್ಯಾರಂಟಿ ಕೊಡುವವನು ಬೇರೆ ಎಲ್ಲಾದರೂ ಮೋಸ ಮಾಡಿಯೇ ಮಾಡುತ್ತಾನೆ.

ಕೊಂಬು ತಂದು ಗೋಡೆಗೆ ಹಾಕುತ್ತೇನೆ ಎಂಬ ಕನಸಿದ್ದರೆ ಅದನ್ನೂ ಅಲ್ಲೇ ಬಿಟ್ಟು ಬನ್ನಿ. ಮಾಂಸವೂ ಅಷ್ಟೇ. ನಮ್ಮ ಕಸ್ಟಮ್ಸ್ ಮುಂದೆ ಕಾಡುಪ್ರಾಣಿಯ ಕೊಂಬು ಇಟ್ಟು ವಾದ ಮಾಡುವಷ್ಟು ಧೈರ್ಯ ನನಗಂತೂ ಇಲ್ಲ.

ಅಣ್ಣನ ಜೊತೆ

ಇದು ಅಗ್ಗದ ದಾರಿ. ಜೊತೆಗೆ ಮೈ ಮುರಿಯುವ ದಾರಿ. ಇಲ್ಲಿ ಗೈಡ್ ಇಲ್ಲ, ಬರೀ ವಿಮಾನದವನು. ಅವನು ಇಳಿಸುತ್ತಾನೆ, ಕರೆದುಕೊಂಡು ಬರುತ್ತಾನೆ. ಪ್ರಾಣಿ ಎಲ್ಲಿದೆ, ಹೇಗೆ ಹೊಡೆಯಬೇಕು ಎಂದು ಅವನು ಹೇಳಿಕೊಡುವ ಹಾಗಿಲ್ಲ, ಅದಕ್ಕೆ ಗೈಡ್ ಲೈಸೆನ್ಸೇ ಬೇಕು. ಇನ್ನೂ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ವಿಮಾನದಲ್ಲಿ ಹಾರಿ ಬಂದ ದಿನ ಬೇಟೆ ಆಡುವ ಹಾಗಿಲ್ಲ. ಮಾರನೇ ದಿನ ಬೆಳಗಿನ ಜಾವ ಮೂರು ಗಂಟೆ ದಾಟಬೇಕು. ಮೇಲಿಂದ ಪ್ರಾಣಿ ನೋಡಿ, ಪಕ್ಕದಲ್ಲಿ ಇಳಿದು, ಢಂ ಎನ್ನಿಸುವುದು ಬೇಟೆಯಲ್ಲ ಎಂಬ ಲೆಕ್ಕ. ನಾವು ಇಳಿದ ಸಂಜೆ ಸರೋವರದ ಆಚೆ ದಡದಲ್ಲಿ ಒಂದು ಗಂಡು ಮೂಸ್ ಮೊಣಕಾಲು ನೀರಿನಲ್ಲಿ ನಿಂತು ಸೊಪ್ಪು ತಿನ್ನುತ್ತಿತ್ತು. ಅಣ್ಣ ಅದನ್ನು ನೋಡುತ್ತಾ ಟೆಂಟಿನ ಗೂಟ ಹೊಡೆದ. ಬೆಳಿಗ್ಗೆ ಅದು ಇರಲಿಲ್ಲ, ಮುಂದಿನ ಆರು ದಿನವೂ ಕಾಣಲಿಲ್ಲ.

ಏಳನೇ ದಿನ ಇನ್ನೊಂದು ಸಿಕ್ಕಿತು. ಕೊಂಬಿನ ಹರವು 50 ಇಂಚು ಇರಬೇಕೆಂಬ ನಿಯಮ ನಾವಿದ್ದ ಕಡೆ ಇತ್ತು. ಅಣ್ಣ ಮತ್ತು ಅವನ ಗೆಳೆಯ ದುರ್ಬೀನಿನಲ್ಲಿ ನೋಡಿ ನೋಡಿ, ಪಿಸುಗುಟ್ಟಿ, ಅರ್ಧ ಗಂಟೆ ಕಳೆದರು. ನನಗೆ ಆ ಅರ್ಧ ಗಂಟೆ ಚೆನ್ನಾಗಿ ನೆನಪಿದೆ. ಗುಂಡು ಹಾರಿದ್ದು ಅಷ್ಟಾಗಿ ನೆನಪಿಲ್ಲ.

ಆಮೇಲೆ ಶುರುವಾದದ್ದು ನಿಜವಾದ ಕೆಲಸ. ದೊಡ್ಡ ಗಂಡು ಮೂಸ್‌ನಿಂದ ಸುಮಾರು 225 ಕೆಜಿ ಮಾಂಸ ಬರುತ್ತದೆ. ನಮ್ಮ ಲೆಕ್ಕದಲ್ಲಿ 25 ಕೆಜಿಯ ಒಂಬತ್ತು ಅಕ್ಕಿ ಮೂಟೆ. ಮೂಳೆ, ಕೊಂಬು ಬೇರೆ. ಮಾಂಸದಲ್ಲಿ ಚೂರೂ ಬಿಟ್ಟು ಬರುವಂತಿಲ್ಲ. ಕುತ್ತಿಗೆ, ಪಕ್ಕೆಲುಬಿನ ನಡುವಿನ ಮಾಂಸ ಕೂಡ ತರಬೇಕು. ಬಿಟ್ಟರೆ ಅಪರಾಧ. ಮಾಂಸ ಮೊದಲು, ಕೊಂಬು ಕೊನೆಗೆ. ಕೊಂಬು ಹೊತ್ತು ಬಂದು ಮಾಂಸ ಕಾಡಿನಲ್ಲೇ ಉಳಿದಿದ್ದರೆ ದಂಡ ಗ್ಯಾರಂಟಿ. ಹೊಡೆದ ಜಾಗದಿಂದ ಸರೋವರಕ್ಕೆ ಒಂದು ಕಿಲೋಮೀಟರಿಗಿಂತ ಕಮ್ಮಿ. ಮೂರು ಜನ, ಎರಡು ದಿನ.

ಆ ಒಂದು ಕಿಲೋಮೀಟರ್ ಹೇಗಿತ್ತು ಅಂತೀರಾ? ಆಗಷ್ಟೇ ಹೂಟಿ ಮಾಡಿದ ಗದ್ದೆ ನೆನಪಿಸಿಕೊಳ್ಳಿ. ಅದರಲ್ಲಿ ಫುಟ್‌ಬಾಲ್‌ಗಳನ್ನು ಅರ್ಧರ್ಧ ಹೂತಿಟ್ಟಿದ್ದಾರೆ ಎಂದುಕೊಳ್ಳಿ. ಹುಲ್ಲಿನ ಗಡ್ಡೆಗಳವು. ಮೇಲೆ ಕಾಲಿಟ್ಟರೆ ಉರುಳುತ್ತದೆ, ನಡುವೆ ಇಟ್ಟರೆ ಮೊಣಕಾಲವರೆಗೆ ನೀರು. ಬೆನ್ನ ಮೇಲೆ ಮೂಸ್‌ನ ಕಾಲು. ಅಲ್ಲಿಯವರು ಒಂದು ಮಾತು ಹೇಳುತ್ತಾರೆ: ವಿಮಾನ ನಿಲ್ಲುವ ಜಾಗದಿಂದ ಒಂದು ಮೈಲಿ ಆಚೆ ಇದ್ದ ಮೂಸ್‌ಗೆ, ನೀರಲ್ಲಿ ನಿಂತ ಮೂಸ್‌ಗೆ ಗುರಿ ಇಡಬೇಡ. ಮೊದಲನೇ ಸಂಜೆ ನಾವು ಕಂಡದ್ದು ನೀರಲ್ಲಿ ನಿಂತಿದ್ದೇ ಅಲ್ವಾ. ನಿಯಮ ನಮ್ಮ ಸೊಂಟ ಉಳಿಸಿತು ಎಂದು ಆಮೇಲೆ ಅನ್ನಿಸಿತು.

ಮಾಂಸವನ್ನು ಗಾಳಿಯಾಡುವ ಬಟ್ಟೆ ಚೀಲದಲ್ಲೇ ತುಂಬಬೇಕು. ಪ್ಲಾಸ್ಟಿಕ್ ಹಾಕಿದರೆ ಬೆವರಿ ಹಾಳಾಗುತ್ತದೆ. ಟೆಂಟಿನಿಂದ ದೂರ, ಆದರೆ ಕಣ್ಣಿಗೆ ಕಾಣುವ ಹಾಗೆ ಕಟ್ಟಬೇಕು. ಕರಡಿ ಬರುವುದು ಅದಕ್ಕೇ.

ಇದನ್ನೆಲ್ಲ ಓದಿ ಈ ದಾರಿ ಬೇಡ ಅನ್ನಿಸಿತಾ? ನನ್ನನ್ನು ಕೇಳಿದರೆ, ನೆಂಟರು ಇದ್ದು, ಮೊಣಕಾಲು ಗಟ್ಟಿ ಇದ್ದು, ಕೋವಿಯ ಹಂಬಲ ಇಲ್ಲದಿದ್ದರೆ ಮೂರರಲ್ಲಿ ಇದೇ ವಾಸಿ. ತಲೆಗೆ ನಾಲ್ಕೈದು ಸಾವಿರ ಡಾಲರ್ ಒಳಗೆ ಕಾಡಿನ ಖರ್ಚು ಮುಗಿಯಿತು. ಆದರೆ ಹೋಗುವ ಮೂವರಲ್ಲಿ ಇಬ್ಬರಿಗಾದರೂ ಹಿಂದೆ ಮಾಡಿ ಗೊತ್ತಿರಬೇಕು. ಯಾರಿಗೂ ಗೊತ್ತಿಲ್ಲದೆ ಹೋಗುವುದು ಧೈರ್ಯದ ಕೆಲಸವಲ್ಲ, ಪೆದ್ದುತನ.

ಕ್ಯಾಮೆರಾ ಜೊತೆ

ಭಾವನಿಗೆ ಹೇಳಿದ್ದು ಕ್ಯಾಟ್‌ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತ. ನೀರಿನಿಂದ ಹಾರುವ ಸಾಲ್ಮನ್ ಮೀನು, ಬಾಯಿ ತೆರೆದು ನಿಂತ ಕಂದು ಕರಡಿ, ಈ ಫೋಟೋ ನೀವೂ ನೋಡಿರುತ್ತೀರಿ. ಬಹುಮಟ್ಟಿಗೆ ಅದು ಇದೇ ಜಾಗ. ರಸ್ತೆ ಇಲ್ಲ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಊರಿಗೆ ದೊಡ್ಡ ವಿಮಾನ, ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ಇಳಿದ ಕೂಡಲೇ ಎಲ್ಲರೂ ಕರಡಿ ಪಾಠ ಕೇಳಲೇಬೇಕು. ಕರಡಿಯಿಂದ 50 ಗಜ ದೂರ ಇರಬೇಕು. ಟೆಂಟ್ ಹಾಕುವ ಜಾಗಕ್ಕೆ ಸುತ್ತ ವಿದ್ಯುತ್ ಬೇಲಿ ಇದೆ, ಒಳಗೆ 60 ಜನಕ್ಕೆ ಮಾತ್ರ ಜಾಗ.

ತಿಂಗಳು ಆರಿಸುವುದು ಇಲ್ಲಿ ಮುಖ್ಯ. ಜುಲೈಯಲ್ಲಿ ಮೀನು ಹಾರುತ್ತದೆ, ಕರಡಿ ಜಾಸ್ತಿ, ಜನವೂ ಜಾಸ್ತಿ, ಸೊಳ್ಳೆ ಕೇಳಲೇಬೇಡಿ. ಆಗಸ್ಟ್‌ನಲ್ಲಿ ಕರಡಿಗಳು ಬೇರೆ ಹೊಳೆಗಳಿಗೆ ಹೋಗಿಬಿಡುತ್ತವೆ. ರಜೆ ಆಗಸ್ಟ್‌ನಲ್ಲೇ ಸಿಗುತ್ತದೆ ಎಂದು ಹೋದರೆ ಬರೀ ನೀರು ನೋಡಿ ಬರಬೇಕು. ಸೆಪ್ಟೆಂಬರ್‌ನಲ್ಲಿ ಮತ್ತೆ ಬರುತ್ತವೆ, ಮೊಟ್ಟೆ ಇಟ್ಟು ಸುಸ್ತಾದ ಮೀನು ತಿನ್ನಲು. ಆಗ ಮೀನು ಹಾರುವುದಿಲ್ಲ, ಆದರೆ ಕರಡಿಯ ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪ. ಸೊಳ್ಳೆಯೂ ಕಮ್ಮಿ. ನಾನಾದರೆ ಸೆಪ್ಟೆಂಬರ್.

ವಿಮಾನದವನ ತಕ್ಕಡಿ

ಮೂರು ದಾರಿಗೂ ಒಂದೇ ಯಜಮಾನ: ತೂಕ. ನಮ್ಮ ವಿಮಾನದವನು ತಲೆಗೆ 50 ಪೌಂಡ್ ಎಂದಿದ್ದ, ಅಂದರೆ ಇಪ್ಪತ್ತೆರಡೂವರೆ ಕೆಜಿ ಚಿಲ್ಲರೆ. ಬ್ಯಾಗಿನ ಜೊತೆ ನಮ್ಮನ್ನೂ, ಬೂಟು ಜಾಕೆಟ್ ಸಮೇತ, ತಕ್ಕಡಿ ಮೇಲೆ ನಿಲ್ಲಿಸಿದ. ಚೌತಿಗೆ ಮುಂಚೆಯೇ ತಿಂದ ಮೋದಕದ ಲೆಕ್ಕ ಅಲ್ಲಿ ಸಿಕ್ಕಿತು.

ವಿಮಾನದಲ್ಲೂ ಆಯ್ಕೆ ಇದೆ. ಪೈಪರ್ ಸೂಪರ್ ಕಬ್ ದೊಡ್ಡ ಮೆತ್ತನೆ ಟೈರಿನ ಎರಡು ಸೀಟಿನ ವಿಮಾನ. ಪೈಲಟ್ ಮುಂದೆ, ನೀವು ಹಿಂದೆ, ತೊಡೆ ಮೇಲೆ ಬ್ಯಾಗು. ನದಿಯ ಜಲ್ಲಿ ದಿಬ್ಬದ ಮೇಲೂ ಇಳಿಯುತ್ತದೆ. ಆದರೆ ಮೂರು ಜನಕ್ಕೆ ಮೂರು ಸಲ ಹಾರಬೇಕು, ಮಾಂಸಕ್ಕೆ ಮತ್ತಷ್ಟು ಸಲ. ಬೀವರ್ ಎಂಬುದು 1947ರಲ್ಲಿ ಮೊದಲು ಹಾರಿದ ಕೆನಡಾದ ವಿಮಾನ, ಈಗಲೂ ಅಲ್ಲಿ ದುಡಿಯುತ್ತಿದೆ. ನಮ್ಮ ಹಳೇ ಎಸ್‌ಟಿ ಬಸ್ಸಿನ ಹಾಗೆ ಸದ್ದು, ಅದೇ ನಂಬಿಕೆ. ಕಾಲಿಗೆ ದೋಣಿ ಕಟ್ಟಿಕೊಂಡು ಸರೋವರದ ಮೇಲೆ ಇಳಿಯುತ್ತದೆ. ಮೂವರೂ ಸಾಮಾನಿನ ಜೊತೆ ಒಂದೇ ಸಲಕ್ಕೆ ಹೋದೆವು. ಮೂಸ್‌ನಂಥ ದೊಡ್ಡ ಪ್ರಾಣಿಗೆ ಬೀವರ್, ಬೆಟ್ಟದ ಎತ್ತರದಲ್ಲಿ ಓಡಾಡುವ ಕ್ಯಾರಿಬೂ, ಕುರಿಗೆ ಸೂಪರ್ ಕಬ್ ಎಂದು ಅಣ್ಣ ಹೇಳುತ್ತಾನೆ. ಎರಡರಲ್ಲೂ ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ. ಒತ್ತಿದರೆ ಮಡಚುವ ಚೀಲವೇ ಬೇಕು.

ವಾಪಸಾಗುವ ದಿನ ಮೋಡ ನೆಲಕ್ಕೆ ಇಳಿದಿತ್ತು. ವಿಮಾನ ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ ಸದ್ದು ಕೇಳಿದಾಗ ನಾವು ಮೂವರೂ ಮಾತು ನಿಲ್ಲಿಸಿ ಕಿವಿ ಕೊಟ್ಟೆವು. ಅದಕ್ಕೇ ಹೇಳುವುದು, ಆಂಕರೇಜ್‌ನಿಂದ ಮುಂಬೈಗೆ ವಾಪಸ್ ಟಿಕೆಟ್ ಕಾಡಿನ ಕೊನೇ ದಿನಕ್ಕೇ ತಗೊಳ್ಳಬೇಡಿ. ಕಮ್ಮಿ ಎಂದರೆ ನಾಲ್ಕು ದಿನ ಬಿಡಿ. ಆಹಾರವೂ ಅಷ್ಟು ದಿನಕ್ಕೆ ಹೆಚ್ಚಿಗೆ ಇರಲಿ.

ಬೂಟು: ನಾನು ಕೆಟ್ಟದ್ದು ಇಲ್ಲಿ

ಚರ್ಮದ ಟ್ರೆಕ್ಕಿಂಗ್ ಬೂಟಾ, ತೊಡೆವರೆಗಿನ ರಬ್ಬರ್ ಬೂಟಾ? ಅಣ್ಣ ಎರಡನೆಯದು ಎಂದ. ನಾನು ಸಹ್ಯಾದ್ರಿ ಹತ್ತಿದವನು, ನನಗೇನು ಹೇಳುವುದು ಎಂದು ಹಳೇ ಟ್ರೆಕ್ಕಿಂಗ್ ಬೂಟು ಒಯ್ದೆ. ಐದು ವರ್ಷದಿಂದ ಕಪಾಟಿನಲ್ಲಿತ್ತು, ನೋಡಲು ಹೊಸದರಂತೆ. ಎರಡನೇ ದಿನ ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು. ಸಂಜೆಗೆ ಎಡಗಾಲಿನದ್ದೂ. ಕೈಯಲ್ಲಿ ಹಿಡಿದರೆ ಒಳಗಿನ ಪದರ ಹಳೇ ಖಾರಿ ಬಿಸ್ಕಿಟ್ ಹಾಗೆ ಪುಡಿ ಪುಡಿ.

ಇದು ಬೂಟಿನ ತಪ್ಪಲ್ಲ, ಮುಂಬೈಯದ್ದು. ಅಟ್ಟೆಯ ನಡುವಿನ ಮೆತ್ತನೆ ಪದರ ಪಾಲಿಯುರೆಥೇನ್. ಗಾಳಿಯ ತೇವ ಅದನ್ನು ವರ್ಷಗಟ್ಟಲೆ ಒಳಗಿಂದ ಒಡೆಯುತ್ತದೆ. ಹಾಕದೆ ಇಟ್ಟರೆ ಇನ್ನೂ ಬೇಗ. ಮುಂಬೈ, ಗೋವಾದವರು ಹಳೇ ಬೂಟನ್ನು ಯಾವತ್ತೂ ನಂಬಬೇಡಿ. ಹೊರಡುವ ಎರಡು ತಿಂಗಳ ಮೊದಲು ಹೆಬ್ಬೆರಳಿನಿಂದ ಪಕ್ಕದ ಪದರ ಒತ್ತಿ ನೋಡಿ. ಬಿರುಕು ಕಂಡರೆ ಬಿಸಾಕಿ. ನಾನು ಉಳಿದ ದಿನ ಟೇಪ್ ಸುತ್ತಿಕೊಂಡು ಓಡಾಡಿದೆ. ಅಣ್ಣ ಒಂದು ಮಾತೂ ಆಡಲಿಲ್ಲ, ಬರೀ ಟೇಪಿನ ಸುರುಳಿ ಚಾಚಿದ. ಅದೇ ಜಾಸ್ತಿ ಚುಚ್ಚಿತು.

ಮೂಸ್ ನಾಡು ಜವುಗು, ಅಲ್ಲಿಗೆ ರಬ್ಬರ್ ಬೂಟು. ಬೆಟ್ಟದ ಬೇಟೆಗೆ ಹೊಸ ಗಟ್ಟಿ ಚರ್ಮದ ಬೂಟು. ಬ್ರೂಕ್ಸ್‌ಗೆ ಸಾದಾ ನೀರು ತಡೆಯುವ ಬೂಟು ಸಾಕು.

ಉಳಿದ ಬಟ್ಟೆಬರೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್. ಮಲಗುವ ಚೀಲದಲ್ಲಿ ಹಕ್ಕಿ ಪುಕ್ಕದ್ದು ಹಗುರ, ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆ. ಸಿಂಥೆಟಿಕ್ ಒಂದು ಕೆಜಿ ಜಾಸ್ತಿ, ಒದ್ದೆಯಾದರೂ ಸ್ವಲ್ಪ ಕಾಪಾಡುತ್ತದೆ. ಸೆಪ್ಟೆಂಬರ್ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಮಳೆ. ನಾನು ಸಿಂಥೆಟಿಕ್ ಆರಿಸಿದೆ, ಪಶ್ಚಾತ್ತಾಪ ಇಲ್ಲ. ಥಾಣೆ ಊರಿನ ಡೆಕಾಥ್ಲಾನ್ ಅಂಗಡಿಯಲ್ಲಿ ಒಳಬಟ್ಟೆ, ಕಾಲುಚೀಲ, ಕೈಗವಸು ಸಿಕ್ಕಿತು. ದೊಡ್ಡ ಸಾಮಾನು ಆಂಕರೇಜ್‌ನಲ್ಲೇ ತಗೊಳ್ಳಿ, ಅಥವಾ ನೆಂಟರಿಂದ ಎರವಲು.

ಎರಡು ಸಾಮಾನು ಅಲ್ಲೇ ಕೊಳ್ಳಲೇಬೇಕು: ಒಲೆಯ ಗ್ಯಾಸ್ ಡಬ್ಬಿ ಮತ್ತು ಕರಡಿಗೆ ಹೊಡೆಯುವ ಮೆಣಸಿನ ಸ್ಪ್ರೇ. ದೊಡ್ಡ ವಿಮಾನದಲ್ಲಿ ಇವೆರಡಕ್ಕೂ ಜಾಗವಿಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ಇಲ್ಲ. ಪುಟ್ಟ ವಿಮಾನದಲ್ಲೂ ಪೈಲಟ್‌ಗೆ ಮೊದಲೇ ಹೇಳಿ. ನಮ್ಮವನು ಸ್ಪ್ರೇಗಳನ್ನು ಇಸಿದುಕೊಂಡು ಹೊರಗೆ ದೋಣಿಯ ಖಾನೆಯಲ್ಲಿ ಹಾಕಿದ. ಒಳಗೆ ಅದು ಸಿಡಿದರೆ ಪೈಲಟ್‌ಗೂ ಕಣ್ಣು ಬಿಡಲಾಗುವುದಿಲ್ಲ ನೋಡಿ.

ಊಟ

ಅಲ್ಲಿ ಸಿಗುವ ಬಿಸಿನೀರು ಸುರಿದು ತಿನ್ನುವ ಪೊಟ್ಟಣದ ಊಟ ಹಗುರ, ಸುಲಭ, ದುಬಾರಿ. ಮೂರನೇ ದಿನಕ್ಕೆ ಎಲ್ಲಕ್ಕೂ ಒಂದೇ ರುಚಿ. ನಮ್ಮ ಊಟದಲ್ಲಿ ಅದಕ್ಕೆ ಸರಿಸಾಟಿ ಅವಲಕ್ಕಿ. ತೂಕವಿಲ್ಲ, ಬೇಯಿಸುವುದೂ ಬೇಡ. ಗೊಜ್ಜವಲಕ್ಕಿಯ ಪುಡಿ, ಹುರಿದ ರವೆಗೆ ಒಗ್ಗರಣೆ ಸೇರಿಸಿಟ್ಟ ಉಪ್ಪಿಟ್ಟಿನ ಮಿಶ್ರಣ, ಶೇಂಗಾ ಚಟ್ನಿಪುಡಿ, ಲೋಣಾವಳಾ ಚಿಕ್ಕಿ. ಚಿಕ್ಕಿಯಷ್ಟು ಕಮ್ಮಿ ತೂಕದಲ್ಲಿ ಅಷ್ಟು ಶಕ್ತಿ ಕೊಡುವುದು ಅಲ್ಲಿಯ ಚಾಕಲೇಟ್ ಒಂದೇ ಇರಬೇಕು. ಅಣ್ಣನ ಗೆಳೆಯ ಬಿಳಿಯ, ಐದನೇ ದಿನ ತನ್ನ ಪೊಟ್ಟಣ ನನಗೆ ಕೊಟ್ಟು ನನ್ನ ಉಪ್ಪಿಟ್ಟು ತಿಂದ.

ಎರಡು ಎಚ್ಚರಿಕೆ. ಅಮೆರಿಕದ ಕಸ್ಟಮ್ಸ್‌ನಲ್ಲಿ ತಿಂಡಿ ಎಲ್ಲ ಇದೆ ಎಂದು ಬರೆದುಕೊಡಿ, ಬಚ್ಚಿಡಬೇಡಿ. ಮಾಂಸದ ಪದಾರ್ಥ ಒಯ್ಯಲೇಬೇಡಿ. ಇನ್ನೊಂದು, ಇಂಗು. ನಮ್ಮ ಅಡುಗೆಯ ವಾಸನೆ ಮೈಲಿ ದೂರ ಹೋಗುತ್ತದೆ, ಕರಡಿಯ ಮೂಗಂತೂ ನಾಯಿಗಿಂತ ಚುರುಕು. ಅಡುಗೆ, ಊಟ ಟೆಂಟಿನಿಂದ 100 ಗಜ ದೂರ. ತಿಂಡಿ ಎಲ್ಲ ಕರಡಿ ತೆಗೆಯಲಾರದ ಡಬ್ಬಿಯಲ್ಲಿ. ಟೂತ್‌ಪೇಸ್ಟ್ ಕೂಡ ಅದರಲ್ಲೇ.

ಕಾಲು ಗಟ್ಟಿ ಮಾಡುವುದು ಎಲ್ಲಿ

ಜಿಮ್ಮಾ, ಬೆಟ್ಟವಾ ಎಂದರೆ ಬೆಟ್ಟ. ಪುಣೆಯವರ ಅದೃಷ್ಟಕ್ಕೆ ಸಿಂಹಗಡ ಪಕ್ಕದಲ್ಲೇ ಇದೆ. ಬೆನ್ನ ಚೀಲದಲ್ಲಿ ನೀರಿನ ಬಾಟಲಿ ತುಂಬಿ 15 ಕೆಜಿ ಹೊತ್ತು ಹತ್ತಿ. ಮೇಲೆ ಹೋಗಿ ನೀರು ಚೆಲ್ಲಿ, ಪಿಠಲೆ ಭಾಕರಿ ತಿಂದು, ಖಾಲಿ ಚೀಲದಲ್ಲಿ ಇಳಿಯಿರಿ. ಮೊಣಕಾಲು ಹಾಳಾಗುವುದು ಇಳಿಯುವಾಗಲೇ. ತಿಂಗಳು ತಿಂಗಳು ತೂಕ ಏರಿಸಿ. ಕಾತ್ರಜದಿಂದ ಸಿಂಹಗಡದವರೆಗಿನ ಗುಡ್ಡಸಾಲು ಸಲೀಸಾಗಿ ನಡೆದರೆ ನೀವು ತಯಾರಾಗುತ್ತಿದ್ದೀರಿ ಎಂದರ್ಥ. ಮುಂಬೈಯವರಿಗೆ 1,646 ಮೀಟರಿನ ಕಳಸೂಬಾಯಿ, ರಾಜಮಾಚಿ. ಗೋವಾದವರಿಗೆ ಮಳೆಗಾಲದ ಕೆಸರು ದಾರಿ, ಇಲ್ಲವೇ ಸಮುದ್ರದಂಡೆಯ ಮೆತ್ತನೆ ಮರಳು. ಹುಲ್ಲುಗಡ್ಡೆಯ ಮೇಲೆ ಕಾಲು ಹೊರಳುವುದಕ್ಕೆ ಮರಳೇ ಹತ್ತಿರದ ಅಭ್ಯಾಸ.

ಸ್ಯಾಟಲೈಟ್ ಸಾಧನ: ಇಲ್ಲಿ ಕೊಳ್ಳಬೇಡಿ, ಅಲ್ಲಿಂದ ತರಬೇಡಿ

ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನಾದರೆ ಮಾತಾಡಬಹುದು, ಬಾಡಿಗೆ ಜಾಸ್ತಿ. ಗಾರ್ಮಿನ್ ಇನ್‌ರೀಚ್‌ನಂಥದ್ದು ಅಂಗೈಯಷ್ಟು ಪುಟ್ಟದು, ಸಂದೇಶ ಕಳಿಸುತ್ತದೆ, ಗುಂಡಿ ಒತ್ತಿದರೆ ರಕ್ಷಣೆಗೆ ಕರೆ ಹೋಗುತ್ತದೆ. ವಿಮಾನದವನಿಗೆ "ಮೋಡ ತೆರೆಯಿತು, ಬಾ" ಎಂದು ಹೇಳಲು ಅಷ್ಟು ಸಾಕು. ಮನೆಗೂ ದಿನಕ್ಕೊಂದು ಸಾಲು ಕಳಿಸುತ್ತಿದ್ದೆ. ಅಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ನನ್ನ ಶುಭರಾತ್ರಿ ಇಲ್ಲಿ ಬೆಳಗಿನ ಕಾಫಿ ಮುಗಿದ ಮೇಲೆ ಬರುತ್ತಿತ್ತು.

ಆದರೆ ಇದನ್ನು ಆಂಕರೇಜ್‌ನಲ್ಲಿ ಬಾಡಿಗೆಗೆ ತಗೊಳ್ಳಿ, ಅಲ್ಲೇ ಕೊಟ್ಟು ಬನ್ನಿ. ಅನುಮತಿ ಇಲ್ಲದೆ ಇಂಥ ಸಾಧನ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಹೀಗೇ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇನ್‌ರೀಚ್ ಬ್ಯಾಗಿನಲ್ಲಿತ್ತು ಎಂದು ತಡೆದು ನಿಲ್ಲಿಸಿದ್ದರು. ಕರಡಿಯಿಂದ ಪಾರಾಗಿ ಬಂದವರು ಸ್ವಂತ ಊರಿನ ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದು ಬೇಡ.

ವಿಮೆಯ ಕಾಗದವನ್ನೂ ಸಣ್ಣಕ್ಷರದವರೆಗೆ ಓದಿ. ಬೇಟೆ ಹೊರತು ಎಂದು ಬರೆದಿದೆಯಾ, ಕಾಡಿನಿಂದ ಎತ್ತಿ ತರುವ ಖರ್ಚು ಸೇರಿದೆಯಾ, ಇವೆರಡನ್ನು ಮಿಂಚಂಚೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ನನ್ನ ಏಜೆಂಟ್ ಫೋನಿನಲ್ಲಿ "ಎಲ್ಲ ಕವರ್ ಆಗುತ್ತೆ" ಎಂದಿದ್ದ. ಬರೆದುಕೊಡು ಎಂದ ಮೇಲೆ ಎರಡು ವಾರ ಫೋನೇ ಎತ್ತಲಿಲ್ಲ.

ಯಾವಾಗ ಶುರು ಮಾಡಬೇಕು

ವೀಸಾ ಕೈಯಲ್ಲಿಲ್ಲದಿದ್ದರೆ ಮೊದಲ ಕೆಲಸ ಅದೇ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟಿನ ಸಂದರ್ಶನದ ದಿನಾಂಕ ಯಾವಾಗ ಸಿಗುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಒಳ್ಳೇ ಗೈಡ್‌ಗಳು ಒಂದೆರಡು ವರ್ಷ ಮುಂಚೆಯೇ ತುಂಬಿರುತ್ತಾರೆ. ಪುಣೆಯ ಗೆಳೆಯ ಇನ್ನೂ ಬೇಲಿಯಾ ಬೇಟೆಯಾ ಎಂದು ತೂಗುತ್ತಲೇ ಇದ್ದಾನೆ.

ಬ್ರೂಕ್ಸ್‌ನ ಟೆಂಟ್ ಜಾಗ ಜನವರಿ ಆರಂಭದಲ್ಲಿ ತೆರೆಯುತ್ತದೆ. ಅಲ್ಲಿ ಬೆಳಿಗ್ಗೆ, ನಮಗೆ ರಾತ್ರಿ. ಜುಲೈ ತಿಂಗಳು ನಿಮಿಷಗಳಲ್ಲಿ ಖಾಲಿ. ಈ ಸಲ ಪೋಂಡಾದಿಂದ ಭಾವ ನಮ್ಮ ಮನೆಗೇ ಬಂದು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದರು, ಅವರಲ್ಲಿ ನೆಟ್ ಸರಿಯಿಲ್ಲವಂತೆ. ಪಾಸ್‌ವರ್ಡ್ ಬರೆದಿಟ್ಟ ಡೈರಿ ಪೋಂಡಾದಲ್ಲೇ ಉಳಿದಿತ್ತು. ಅಕ್ಕನಿಗೆ ಫೋನ್ ಮಾಡಿ, ಅವಳು ಕನ್ನಡಕ ಹುಡುಕಿ, ಡೈರಿ ಹುಡುಕಿ ಓದುವಷ್ಟರಲ್ಲಿ ಜುಲೈ ಪೂರ್ತಿ ಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಮೂರು ರಾತ್ರಿ ಸಿಕ್ಕಿತು. ಚೌತಿಗೆ ಅವರೂ ಮನೆಯಲ್ಲಿರುವುದಿಲ್ಲ, ಅದನ್ನು ಅಕ್ಕನಿಗೆ ಯಾರು ಹೇಳುವುದು ಎಂದು ಇನ್ನೂ ತೀರ್ಮಾನವಾಗಿಲ್ಲ.